ತಲೀಗೆ ಒಂದು ಗೇಣು ಮ್ಯಾಲೆ

ಗಾದಿ ಹೊಲಿಯುವ ಅಲ್ಮಾಸಬಿಗೆ ಇದ್ದದ್ದು ಒಂದೇ ಚಟ, ಲಕ್ಷ್ಮೇಶ್ವರದ ಬೇಸ್‌ಬಾಲ್ ತಂಡ. ಎಲೆ-ಅಡಿಕೆ ಹಾಕುತ್ತಿರಲಿಲ್ಲ, ಚಹಾ ದಿನಕ್ಕೆ ಎರಡೇ ಸಲ, ಓಣಿಯ ಮಾತಿಗೆ ಹೆಚ್ಚು ಹೊತ್ತು ನಿಲ್ಲುವ ಹೆಂಗಸೂ ಅಲ್ಲ. ಆದರೆ ಐತವಾರ ಬಂತೆಂದರೆ ಮುಂಜಾನೆ ಎಂಟಕ್ಕೆಲ್ಲ ರೊಟ್ಟಿ ಬಡಿದಿಟ್ಟು, ತಲೆ ಮೇಲೆ ಸೆರಗು ಎಳೆದುಕೊಂಡು, ದನದ ಸಂತೆ ಮೈದಾನದ ಬೇವಿನ ಗಿಡದ ಬುಡಕ್ಕೆ ಹಾಜರು. ಮೂರು ವರ್ಷದಲ್ಲಿ ಆ ತಂಡ ಹತ್ತೊಂಬತ್ತು ಪಂದ್ಯ ಆಡಿತ್ತು. ಹತ್ತೊಂಬತ್ತನ್ನೂ ಸೋತಿತ್ತು.

"ಒಂದ ಸಲರೆ ನಡುವ ಮಳಿ ಬಂದು ಆಟ ನಿಂತಿದ್ರ ಹದಿನೆಂಟು ಅನ್ನಬಹುದಿತ್ತು," ಎಂದು ಗಂಡ ನಬಿಸಾಬ ಹತ್ತಿ ಹಿಂಜುತ್ತ ನಗುತ್ತಿದ್ದ. "ನಿಮ್ಮ ತಂಡದ ಕಡೆ ಮಳೀನೂ ಹೊಳ್ಳಿ ನೋಡಂಗಿಲ್ಲ ನೋಡು."

"ಸೋತೀವಿ, ಖರೆ," ಎನ್ನುತ್ತಿದ್ದಳು ಅಲ್ಮಾಸಬಿ ಸೂಜಿಗೆ ದಾರ ಪೋಣಿಸುತ್ತ. "ಆದ್ರ ಒಂದು ಸಲ ಸೋತಂಗ ಇನ್ನೊಂದು ಸಲ ಸೋತಿಲ್ಲ. ಅದನ್ನ ತಿಳಕೋಬೇಕಂದ್ರ ಬಂದು ಕುಂತು ನೋಡಬೇಕು."

ಅದು ಸುಳ್ಳಲ್ಲ. ಒಮ್ಮೆ ಶಿರಹಟ್ಟಿಯವರ ಮೇಲೆ ಇನ್ನೇನು ಗೆದ್ದೇ ಬಿಟ್ಟೆವು ಎನ್ನುವಾಗ ಮಾರ್ಕೆಟ್ಟಿಗೆ ಜೋಳದ ಲಾರಿ ಬಂದ ಹಾರ್ನು ಕೇಳಿತು. ತಂಡದಲ್ಲಿದ್ದ ಐವರು ಹಮಾಲರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಚೀಲ ಇಳಿಸಲು ಓಡಿದರು. ಉಳಿದ ನಾಲ್ಕು ಮಂದಿ ಇಡೀ ಮೈದಾನ ಕಾಯುವಷ್ಟರಲ್ಲಿ ಶಿರಹಟ್ಟಿಯವರು ಹನ್ನೊಂದು ಅಂಕ ಮಾಡಿ, ಚಹಾ ಕುಡಿದು, ಬಸ್ಸು ಹತ್ತಿದ್ದರು.

ಈ ಆಟ ಊರಿಗೆ ಬಂದದ್ದು ಹೊಸ ಜಿಲ್ಲೆಯ ಜೊತೆಗೆ. ಗದಗ ಜಿಲ್ಲೆಯಾದ ಹುಮ್ಮಸ್ಸಿನಲ್ಲಿ ಅಲ್ಲಿನ ಆಟದ ಅಭಿಮಾನಿಗಳು ಕೆಲವರು ಸೇರಿ ಒಂದು ಸಂಘ ಕಟ್ಟಿದರು. ಎಲ್ಲಾ ಜಿಲ್ಲೆಯಲ್ಲಿರುವ ಆಟ ನಮ್ಮಲ್ಲೂ ಇರಬೇಕು ಎಂದು ಎಲ್ಲಿಂದಲೋ ಒಂದು ಬೇಸ್‌ಬಾಲ್ ಸಾಮಾನಿನ ಗಂಟು ತರಿಸಿ, ಲಕ್ಷ್ಮೇಶ್ವರದ ನಿವೃತ್ತ ಕಸರತ್ತು ಮಾಸ್ತರ ಅಲ್ಲಾಉದ್ದೀನರಿಗೆ ಒಪ್ಪಿಸಿದರು. ಗಂಟಿನಲ್ಲಿ ನಾಲ್ಕು ಬ್ಯಾಟು, ಒಂಬತ್ತು ಗ್ಲೌಸು, ಒಂದು ಡಜನ್ ಚೆಂಡು, ಒಂದು ನಿಯಮದ ಪುಸ್ತಕ ಇದ್ದವು. ಇಲ್ಲದಿದ್ದದ್ದು ಮೈದಾನದ ಮೂರು ಮೂಲೆಗಿಡುವ ದಿಂಬಿನಂಥ ಚೌಕಗಳು. ಮಾಸ್ತರು ಅಳತೆ ಬರೆದ ಚೀಟಿ ಹಿಡಿದು ಗಾದಿ ಅಂಗಡಿಗೆ ಬಂದರು.

ಅಲ್ಮಾಸಬಿ ತನ್ನ ಕಸುಬಿಗೆ ಮೋಸ ಮಾಡುವವಳಲ್ಲ. ಹೊಸ ಹತ್ತಿ ತುಂಬಿದಳು, ಬಿಳಿ ಖಾದಿಯ ಗಲೀಫು ಹಾಕಿದಳು, ಸುತ್ತ ಕೆಂಪು ಅಂಚು ಕೊಟ್ಟಳು, ಗೇಣಿಗೊಂದರಂತೆ ಗಂಟು ಹಾಕಿ ಹತ್ತಿ ಸರಿಯದಂತೆ ಬಿಗಿದಳು. ಇಷ್ಟು ಚೆಂದದ ಗಾದಿ ಮೇಲೆ ಯಾವ ದೊಡ್ಡ ಮನುಷ್ಯರು ಕುಂಡ್ರುತ್ತಾರೋ ನೋಡಿಯೇ ಬರೋಣವೆಂದು ತಾನೇ ಹೊತ್ತುಕೊಂಡು ಹೋದಳು. ಯಾರೂ ಕುಂಡ್ರಲಿಲ್ಲ. ಹಮಾಲಿ ಮಾಡುವ ತಿರಕಪ್ಪ ಗೂಳಿಯಂತೆ ಓಡಿ ಬಂದು ಮೊದಲನೇ ಗಾದಿಯ ಹತ್ತಿರ ಗಕ್ಕನೆ ನಿಂತ. ಬಿಳಿ ಬಟ್ಟೆ ನೋಡಿದ, ಅಲ್ಮಾಸಬಿಯ ಮುಖ ನೋಡಿದ, ಬಗ್ಗಿ ಎರಡೂ ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಜೋಡಿಸಿದ. ಗಾದಿ ಮೇಲೆ ಕಾಲಿಡುವ ಹೊತ್ತಿಗೆ ಚೆಂಡು ಬಂದು ಮುಟ್ಟಿ ಅವನು ಔಟಾಗಿದ್ದ.

"ಲೇ ತಿರಕ್ಯಾ, ಇದೇನು ಬೀಗರ ಮನಿ ಪಡಸಾಲಿ ಏನಲೇ?" ಎಂದು ಮಾಸ್ತರು ತಲೆ ಬಡಿದುಕೊಂಡರು.

"ಸರ್, ಮೆಟ್ಟು ಹಾಕ್ಕೊಂಡು ಗಾದಿ ತುಳೀಬೇಕು ಅಂತೀರಿ? ಹೊಲಿದವರು ಎದುರಿಗೆ ನಿಂತಾರ!"

ಅಲ್ಮಾಸಬಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮಾಸ್ತರು ಅವಳಿಗೂ ಆಟ ತಿಳಿಸಿ ಹೇಳಿದರು. ಒಬ್ಬ ಚೆಂಡು ಒಗೆಯುತ್ತಾನೆ, ಇನ್ನೊಬ್ಬ ಬ್ಯಾಟಿನಿಂದ ಹೊಡೆಯುತ್ತಾನೆ. ಹೊಡೆದವನು ತಾನು ನಿಂತ ಜಾಗ ಬಿಟ್ಟು ಓಡಿ, ಮೂರು ಗಾದಿ ಮುಟ್ಟಿ, ಹೊರಟ ಜಾಗಕ್ಕೇ ತಿರುಗಿ ಬಂದರೆ ಒಂದು ಅಂಕ. ಆ ಜಾಗದ ಹೆಸರು ಮನೆ.

"ಅಂದ್ರ ಹೊರಗ ಹೋದಾಂವ ಸುಮ್ಮನ ಮನೀಗೆ ಬಂದ್ರ ಸಾಕು, ಅಂಕ ಕೊಡ್ತೀರಿ?"

"ಹೌದಬೇ."

"ನಮ್ಮ ಮನ್ಯಾಗ ನಲವತ್ತು ವರ್ಷ ಆತು, ಇಂಥಾ ಅಂಕ ಯಾರೂ ಕೊಟ್ಟಿಲ್ಲ," ಎಂದು ಅಲ್ಮಾಸಬಿ ಗಿಡದ ಬುಡದಲ್ಲಿ ಕುಂತಳು. ಕುಂತವಳು ಮೂರು ವರ್ಷ ಏಳಲಿಲ್ಲವೆಂದೇ ಹೇಳಬೇಕು.

ಅವಳಿಗೆ ಈ ತಂಡದ ಋಣ ದೊಡ್ಡದು. ಅದಕ್ಕೂ ಮೊದಲು ಐತವಾರವೆಂದರೆ ಹಳೆಯ ಗಾದಿ ಬಿಚ್ಚುವ ದಿನ, ಮೂಗಿನ ತುಂಬ ಊರವರ ಮನೆಯ ಧೂಳು. ಊರಿಗೆಲ್ಲ ಅವಳು "ಗಾದಿಯಾಕಿ". ಮೈದಾನದಲ್ಲಿ ಮಾತ್ರ ಒಂಬತ್ತು ಮಂದಿ "ಖಾಲಾ, ಖಾಲಾ" ಎಂದು ಚಿಕ್ಕವ್ವನನ್ನು ಕರೆದಂತೆ ಕರೆದರು. ಸೋತು ಬಂದವರು ಮೊದಲು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು, "ಹೋದ ವಾರಕ್ಕಿಂತ ಚಲೋ ಆಡಿದ್ರಿ," ಎಂದರೆ ನೀರು ಕುಡಿಯುತ್ತಿದ್ದರು. ಅವಳಿಗೆ ಚಳಿಜ್ವರ ಬಂದಾಗ ಒಂಬತ್ತು ಮಂದಿಯೂ ಬಾಗಿಲಲ್ಲಿ ತುಂಬಿ ನಿಂತು ಗಾಳಿ ಆಡದಂತೆ ಮಾಡಿದ್ದರು. ನಬಿಸಾಬ ಬೈದ ಮೇಲೆ ಸರದಿ ಹಚ್ಚಿ ಒಬ್ಬೊಬ್ಬರಾಗಿ ಬಂದು ಮಾತಾಡಿಸಿ ಹೋದರು.

ಆ ವರ್ಷ ಸಂಕ್ರಾಂತಿ ಮುಗಿದ ಮರುವಾರ ಸಂಘದಿಂದ ಕಾಗದ ಬಂತು. ಮಾಸ್ತರು ಗಿಡದ ಕೆಳಗೆ ಎಲ್ಲರನ್ನೂ ಕೂಡಿಸಿ ಓದಿದರು. ಜಿಲ್ಲೆಗೆ ಇರುವುದು ಒಂದೇ ಸಾಮಾನಿನ ಗಂಟು, ಮೂರು ವರ್ಷ ಅದು ಲಕ್ಷ್ಮೇಶ್ವರದಲ್ಲಿತ್ತು. ಮುಂಡರಗಿಯ ಖಾಸಿಂಸಾಬರ ತಂಡ ಎಲ್ಲರನ್ನೂ ಸೋಲಿಸುತ್ತಿದೆ, ಅದಕ್ಕೂ ಸಾಮಾನು ಬೇಕಾಗಿದೆ. ಬರುವ ಐತವಾರ ಇಬ್ಬರೂ ಆಡಬೇಕು. ಗೆದ್ದವರಿಗೆ ಗಂಟು.

ಎಲ್ಲರಿಗೂ ತಿಳಿದದ್ದೇ. ಗಂಟು ಹೋದರೆ ತಂಡವೂ ಹೋದಂತೆ, ಗ್ಲೌಸಿಲ್ಲದೆ ಆ ಕಲ್ಲಿನಂಥ ಚೆಂಡು ಹಿಡಿಯುವ ಕೈ ಯಾರದ್ದೂ ಇರಲಿಲ್ಲ. ಇಷ್ಟು ದಿನ ಬೇರೆ ಊರಿನವರೆಲ್ಲ ಇಲ್ಲಿಗೇ ಬಂದು, ಇವರ ಬ್ಯಾಟಿನಿಂದಲೇ ಇವರನ್ನು ಹೊಡೆದು ಹೋಗುತ್ತಿದ್ದರು. ಆ ಸುಖವೂ ಇನ್ನು ಒಂದೇ ವಾರ.

"ಗವಿ ಒಬ್ಬಾಂವ ಸರಿಯಾಗಿ ಒಗದ್ರ..." ಎಂದ ತಿರಕಪ್ಪ. ಎಲ್ಲರ ಕಣ್ಣು ಅಡರಕಟ್ಟಿಯ ಗವಿಸಿದ್ದೇಶನ ಮೇಲೆ ಬಿತ್ತು. ತಂಡದಲ್ಲಿ ಚೆಂಡು ಒಗೆಯುವವನು ಅವನೇ. ಅವನಷ್ಟು ಜೋರಾಗಿ ಒಗೆಯುವವರು ಜಿಲ್ಲೆಯಲ್ಲಿ ಇರಲಿಲ್ಲ, ಚೆಂಡು ಕಣ್ಣಿಗೇ ಕಾಣುತ್ತಿರಲಿಲ್ಲ. ಆದರೆ ಅದು ಹೋಗಬೇಕಾದ ಜಾಗಕ್ಕೆ ಹೋಗುತ್ತಿರಲಿಲ್ಲ, ಯಾವಾಗಲೂ ಮೇಲಿಂದ ಹಾಯುತ್ತಿತ್ತು. ಬ್ಯಾಟು ಹಿಡಿದವನ ಎದೆಗೂ ಮೊಣಕಾಲಿಗೂ ನಡುವೆ ಚೆಂಡು ಹೋಗಬೇಕು. ಅದಕ್ಕೆ ಸ್ಟ್ರೈಕ್ ಎಂದು ಹೆಸರು, ಹಾಗೆ ಮೂರು ಸಲ ಹೋಗಿ ಅವನು ಹೊಡೆಯದಿದ್ದರೆ ಔಟು. ನಾಲ್ಕು ಸಲ ತಪ್ಪಿದರೆ ಅವನು ಪುಕ್ಕಟೆ ಮೊದಲನೇ ಗಾದಿಗೆ ನಡೆದು ಹೋಗುತ್ತಾನೆ. ಗವಿಯ ಪುಣ್ಯದಿಂದ ಜಿಲ್ಲೆಯ ಆಟಗಾರರೆಲ್ಲ ಲಕ್ಷ್ಮೇಶ್ವರದಲ್ಲಿ ಆರಾಮಾಗಿ ತಿರುಗಾಡಿ ಹೋಗಿದ್ದರು.

"ನಾ ಬಿಟ್ಟ ಬಿಡ್ತೀನ್ರಿ ಸರ್," ಎಂದ ಗವಿ ನೆಲ ನೋಡುತ್ತ.

"ಬಿಟ್ರ ಒಗಿಯೋರು ಯಾರಲೇ? ನಾನೇನು?" ಎಂದರು ಮಾಸ್ತರು. ಅವರ ಬಲಗೈ ಹೆಗಲಿಂದ ಮೇಲೆ ಏಳದೆ ಆರು ವರ್ಷವಾಗಿತ್ತು.

ಬುಧವಾರ ಅಲ್ಮಾಸಬಿ ಅಡರಕಟ್ಟಿಗೆ ಹೋದಳು. ಗವಿಯ ತಾಯಿ ಬೀರವ್ವ ಮಗಳ ಮದುವೆಗೆ ಎರಡು ಗಾದಿ ಹೇಳಿದ್ದಳು. ಅಂಗಳದಲ್ಲಿ ಕುಂತು ಒಂದು ಗಾದಿ ಮುಗಿಸುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ಬೀರವ್ವ ಮಗನಿಗೆ ಬುತ್ತಿ ಒಯ್ಯಲು ಎದ್ದಳು, ಬೆನ್ನು ನೆಟ್ಟಗಾದೀತೆಂದು ಅಲ್ಮಾಸಬಿಯೂ ಜೊತೆಗೆ ನಡೆದಳು.

ಬಿಳಿಜೋಳ ತೆನೆ ತುಂಬಿ ನಿಂತಿತ್ತು. ಹೊಲದ ನಡುವೆ ನಾಲ್ಕು ಕಂಬದ ಅಟ್ಟ, ಅದರ ಮೇಲೆ ಗವಿಸಿದ್ದೇಶ ಕೈಯಲ್ಲಿ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ. ಒಂದು ಗಿಳಿವಿಂಡು ಬಂದು ತೆನೆಗೆ ಕುಂತಿತು. ಗವಿ ಕವಣೆ ತಿರುಗಿಸಿ ಬಿಟ್ಟ. ಕಲ್ಲು ಸುಂಯ್ ಎಂದಿತು, ಹಿಂಡು ಎದ್ದು ಹೋಯಿತು. ಒಂದು ಹಕ್ಕಿಯೂ ಬೀಳಲಿಲ್ಲ.

"ಯವ್ವಾ, ಇಲ್ಲೂ ನಿನ ಮಗಂದು ಅದ ಹಣೇಬಾರ!" ಎಂದು ಅಲ್ಮಾಸಬಿ ನಕ್ಕಳು. "ಇಷ್ಟು ಹಕ್ಕಿಯೊಳಗ ಒಂದಕ್ಕರೆ ತಾಗಬಾರದ?"

ಬೀರವ್ವ ಬುತ್ತಿ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು. "ಏನಂದ್ರಿ? ತಾಗಬೇಕು? ನಮ್ಮ ಮನ್ಯಾಗ ಹಕ್ಕಿ ಕೊಲ್ಲೋ ಪದ್ಧತಿ ಇಲ್ಲರೀ. ಓಡಸ್ತೀವಿ, ಅಷ್ಟ. ಒಂದನ್ನ ಹೊಡದ್ರ ಅದು ಸಾಯ್ತೈತಿ, ಉಳದಾವು ಬಾಜೂ ತೆನೀಗೆ ಕುಂಡ್ರತಾವು. ತಲಿ ಮ್ಯಾಲೆ ಹಾಯಿಸಿದ್ರ ಎಲ್ಲಾ ಹೋಗ್ತಾವು. ಇಂವ ಆರು ವರ್ಷದಾಂವ ಇದ್ದಾಗಿಂದ ಅವರಪ್ಪ ಕಲಿಸ್ಯಾನ, ತಲೀಗೆ ಒಂದು ಗೇಣು ಮ್ಯಾಲೆ. ಬೆರಳು ಹೆಚ್ಚಿಲ್ಲ, ಬೆರಳು ಕಡಿಮಿ ಇಲ್ಲ. ಸರಿಯಾಗಿ ನೋಡ್ರಿ!"

ಅಲ್ಮಾಸಬಿ ನೋಡಿದಳು. ನಲವತ್ತು ವರ್ಷ ಗೇಣಿಗೊಂದು ಗಂಟು ಹಾಕಿದ ಕಣ್ಣು ಅದು, ಟೇಪು ಬೇಕಿರಲಿಲ್ಲ. ಎರಡನೇ ಕಲ್ಲು ಒಂದು ಗುಬ್ಬಿಯ ತಲೆ ಮೇಲೆ ಹಾಯಿತು, ಒಂದು ಗೇಣು. ಮೂರನೆಯದು ಪಾರಿವಾಳದ ಮೇಲೆ, ಅದೂ ಒಂದು ಗೇಣು. ಹತ್ತು ಕಲ್ಲು ನೋಡಿ ಅವಳು ಬದುವಿನ ಮೇಲೆ ಕುಂತುಬಿಟ್ಟಳು. ಮೂರು ವರ್ಷದಿಂದ ಈ ಹುಡುಗನಿಗೆ ಗುರಿ ಇಲ್ಲವೆಂದು ಊರೆಲ್ಲ ಬೈದಿತ್ತು, ತಾನೂ ಮನಸ್ಸಿನಲ್ಲಿ ಬೈದಿದ್ದಳು. ಇವನು ಒಂದು ಸಲವೂ ಗುರಿ ತಪ್ಪಿರಲಿಲ್ಲ. ಎಲ್ಲಿ ನೋಡುತ್ತಾನೋ ಅದರ ಮೇಲೆ ಒಂದು ಗೇಣು ಬಿಟ್ಟು ಒಗೆಯುತ್ತಿದ್ದ, ಅದು ಅವನಿಗೇ ಗೊತ್ತಿರಲಿಲ್ಲ.

ಮರುದಿನ ಅವಳು ಸೈಕಲ್ ಅಂಗಡಿಯ ರಫೀಕನ ಹತ್ತಿರ ಹೋದಳು. ಚೆಂಡು ಹಿಡಿಯಲು ಬ್ಯಾಟಿನವನ ಹಿಂದೆ ಕೂಡುವವನು ರಫೀಕ. ಅವನು ಗ್ಲೌಸು ಎಲ್ಲಿ ತೋರಿಸುತ್ತಾನೋ ಅಲ್ಲಿಗೆ ಗವಿ ಒಗೆಯಬೇಕು.

"ರಫೀಕ, ಐತವಾರ ನಿನ್ನ ಗ್ಲೌಸು ಯಾವಾಗ್ಲೂ ಹಿಡಿದಂಗ ಎದಿಮಟ ಹಿಡೀಬ್ಯಾಡ, ಬ್ಯಾಟಿನವನ ಮೊಣಕಾಲ ಕೆಳಗ ಹಿಡಿ. ಗವಿಗೆ ಹೇಳಬ್ಯಾಡ."

"ಯಾಕ ಖಾಲಾ?"

"ಹಕ್ಕಿ ಹಾರತಾವು, ಅದಕ್ಕ."

ರಫೀಕ ಪಂಕ್ಚರಿನ ಟ್ಯೂಬು ಹಿಡಿದವನು ಹಾಗೇ ಅವಳ ಮುಖ ನೋಡಿದ. ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡನೋ ಏನೋ. ಆದರೂ ಖಾಲಾ ಹೇಳಿದ್ದಕ್ಕೆ ಹೂಂ ಎಂದ.

ಐತವಾರ ಮುಂಡರಗಿಯವರು ಮುಂಜಾನೆಯ ಬಸ್ಸಿಗೇ ಬಂದಿಳಿದರು. ಮುಂದೆ ಖಾಸಿಂಸಾಬ, ಮೀಸೆಗೆ ಎಣ್ಣೆ ಹಚ್ಚಿದ ಮನುಷ್ಯ. "ಏನ್ರೀ ಮಾಸ್ತರ, ಎಲ್ಲಾ ಆರಾಮ? ಸಾಮಾನು ಒರಸಿ ಇಟ್ಟೀರಿಲ್ಲೊ?" ಎಂದ. ಅವನ ಹಿಂದೆ ಮರ್ದಾನಸಾಬ. ಅವನು ಬ್ಯಾಟು ಹಿಡಿದರೆ ಚೆಂಡು ಸೋಮೇಶ್ವರ ಗುಡಿಯ ಕಡೆ ಹೋಗುತ್ತದೆಂದು ಖ್ಯಾತಿ.

ತೀರ್ಪು ಹೇಳಲು ಶಿರಹಟ್ಟಿಯಿಂದ ಒಬ್ಬ ಮಾಸ್ತರು ಬಂದಿದ್ದರು. ಐದೈದು ಸರದಿಯ ಆಟ, ಲಕ್ಷ್ಮೇಶ್ವರದವರು ಮೊದಲು ಹೊಡೆಯಬೇಕು. ತಿರಕಪ್ಪ ಆ ದಿನ ಚಪ್ಪಲಿ ಮನೆಯಲ್ಲೇ ಬಿಟ್ಟು ಬರಿಗಾಲಲ್ಲಿ ಬಂದಿದ್ದ, ಬಿಚ್ಚುವ ತಕರಾರೇ ಬೇಡವೆಂದು.

ಮುಂಡರಗಿಯವರು ಹೊಡೆಯುವ ಸರದಿ ಬಂದಾಗ ಗವಿ ಮೊದಲ ಚೆಂಡು ಒಗೆದ. ರಫೀಕ ಗ್ಲೌಸು ಕೆಳಗೆ ಹಿಡಿದಿದ್ದ, ಚೆಂಡು ಅದರ ಮೇಲೆ ಒಂದು ಗೇಣು ಬಿಟ್ಟು, ಸರಿಯಾಗಿ ಬ್ಯಾಟಿನವನ ಮೊಣಕಾಲಿನ ಮೇಲಕ್ಕೆ ಹಾಯಿತು.

"ಸ್ಟ್ರೈಕ್!" ಎಂದರು ತೀರ್ಪಿನ ಮಾಸ್ತರು.

"ತಪ್ಪೀತು, ತಪ್ಪೀತು, ಮಾಫ್ ಮಾಡ್ರಿ," ಎಂದ ಗವಿ.

"ಲೇ, ಸ್ಟ್ರೈಕ್ ಅಂದ್ರ ಚಲೋದಲೇ!" ಎಂದ ರಫೀಕ.

ಮತ್ತೆ ಒಗೆದ. ಮತ್ತೆ ಸ್ಟ್ರೈಕ್, ಮತ್ತೆ ಗವಿಯ ಕ್ಷಮಾಪಣೆ. ಮುಂಡರಗಿಯವರು ಬ್ಯಾಟು ಬೀಸುವಷ್ಟರಲ್ಲಿ ಚೆಂಡು ರಫೀಕನ ಹತ್ತಿರ ಇರುತ್ತಿತ್ತು. ಅಲ್ಲಾಉದ್ದೀನ ಮಾಸ್ತರು ನಿಯಮದ ಪುಸ್ತಕ ತೆಗೆದು ಏನಾದರೂ ತಪ್ಪಾಗಿದೆಯೋ ಎಂದು ನೋಡತೊಡಗಿದರು. ಅಪರೂಪಕ್ಕೆ ಬ್ಯಾಟಿಗೆ ತಾಗಿದ ಚೆಂಡನ್ನು ಹಮಾಲರು ಕೈಬಿಟ್ಟು ಅಂಕ ಕೊಟ್ಟರು. ಕೊನೆಯ ಸರದಿಗೆ ಬಂದಾಗ ಲಕ್ಷ್ಮೇಶ್ವರ ಆರು, ಮುಂಡರಗಿ ಐದು. ಮುಂಡರಗಿಯವರು ಹೊಡೆಯಬೇಕು, ಅವರ ಮೂವರು ಔಟಾದರೆ ಆಟ ಮುಗಿಯಿತು. ಇಬ್ಬರು ಔಟಾದರು.

ಆಗ ತಿರಕಪ್ಪನಿಗೆ ತಡೆಯಲಾಗಲಿಲ್ಲ. ರಫೀಕನಿಂದ ಗುಟ್ಟು ಕೇಳಿ ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ. "ಲೇ ಗವೀ, ಖಾಲಾನ ಶಾಣ್ಯಾತನ ನೋಡಲೇ! ನೀ ಗೇಣು ಮ್ಯಾಲೆ ಒಗೀತಿ ಅಂತ ರಫೀಕ ಮೊಣಕಾಲ ಕೆಳಗ ಹಿಡದಾನ!"

ಗವಿ ಚೆಂಡು ನೋಡಿದ, ಗ್ಲೌಸು ನೋಡಿದ, ಕಿವಿ ಕೆಂಪಗಾದವು. ಇನ್ನು ತಪ್ಪಿಸಬಾರದು ಎಂದು ಗಟ್ಟಿ ಮನಸ್ಸು ಮಾಡಿ ಗ್ಲೌಸಿಗೇ ಗುರಿ ಇಟ್ಟು ಒಗೆದ. ಜೀವನದಲ್ಲಿ ಮೊದಲ ಸಲ ಅದು ಗ್ಲೌಸಿಗೇ ಹೋಗಿ ಬಿತ್ತು. ಗ್ಲೌಸು ಇದ್ದದ್ದು ಮೊಣಕಾಲಿನ ಕೆಳಗೆ, ಆದ್ದರಿಂದ ಅದು ತಪ್ಪು ಚೆಂಡು. ರಫೀಕ ಗಾಬರಿಯಾಗಿ ಗ್ಲೌಸು ಎದೆಯವರೆಗೆ ಎತ್ತಿದ, ಗವಿಯ ಕೈ ಹಳೆಯ ರೂಢಿಗೆ ಹೋಗಿ ಚೆಂಡು ಎದೆಯ ಮೇಲಿಂದ ಹಾಯಿತು. ರಫೀಕ ಇಳಿಸಿದರೆ ಗವಿಯೂ ಇಳಿಸುವನು, ಎತ್ತಿದರೆ ಗವಿಯೂ ಎತ್ತುವನು. ಒಬ್ಬ ಪುಕ್ಕಟೆ ನಡೆದ, ಇನ್ನೊಬ್ಬ ನಡೆದ, ಮೂರನೆಯವನೂ ನಡೆದ. ಮೂರೂ ಗಾದಿ ತುಂಬಿದವು. ಇನ್ನೊಬ್ಬ ಪುಕ್ಕಟೆ ನಡೆದರೆ ಎಲ್ಲರೂ ಒಂದೊಂದು ಜಾಗ ಮುಂದೆ ಸರಿದು ಅಂಕ ಸಮ. ಬ್ಯಾಟು ಹಿಡಿದು ಬಂದವನು ಮರ್ದಾನಸಾಬ. ಅವನಿಗೂ ಮೂರು ಚೆಂಡು ತಪ್ಪಾಗಿ ಹೋದವು. ಉಳಿದದ್ದು ಒಂದೇ ತಪ್ಪು.

"ಮರ್ದಾನಾ, ಸುಮ್ನ ನಿಂದ್ರು, ಬ್ಯಾಟ ಎತ್ತಬ್ಯಾಡ. ಅವರ ಕೊಡ್ತಾರ!" ಎಂದು ಖಾಸಿಂಸಾಬ ಕೂಗಿದ.

ಗವಿ ಚೆಂಡು ಕೆಳಗಿಟ್ಟು ಎರಡೂ ಕೈ ಮೊಣಕಾಲಿಗೆ ಊರಿ ನಿಂತುಬಿಟ್ಟ. ಅಲ್ಮಾಸಬಿ ಗಿಡದ ಬುಡದಿಂದ ಎದ್ದಳು. ಮೊಣಕಾಲು ಕಟಕಟ ಎಂದವು. ಸುಣ್ಣದ ಗೆರೆಯವರೆಗೆ ನಡೆದಳು.

"ಅಮ್ಮಾರ, ಒಳಗ ಬರಾಂಗಿಲ್ರಿ," ಎಂದರು ತೀರ್ಪಿನ ಮಾಸ್ತರು.

"ಬರಂಗಿಲ್ಲ ಬಿಡ್ರಿ, ಇಲ್ಲೇ ನಿಂತೀನಿ." ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಗವೀ! ಇತ್ತ ಕೇಳಪಾ. ಗ್ಲೌಸು ನೋಡಬ್ಯಾಡ. ಅದನ್ನ ಮರತಬಿಡು. ಅಲ್ಲಿ ನಿಂತಾನಲ್ಲ, ಅಂವಾ ನಿನ್ನ ಜ್ವಾಳದಾಗ ಬಂದು ಕುಂತ ಹಕ್ಕಿ."

"ಯಾವ ಹಕ್ಕಿ ಖಾಲಾ, ಎಮ್ಮಿ ಇದ್ದಂಗ ಅದಾನ!" ಎಂದ ತಿರಕಪ್ಪ.

"ನೀ ಬಾಯಿ ಮುಚ್ಚಲೇ, ಇವತ್ತು ಮಾಡಿದ್ದು ಸಾಕು! ಗವೀ, ತಲಿ ಮ್ಯಾಲೆ ಬ್ಯಾಡ, ಎದಿ ಮುಂದ ಹಾಯಿಸು. ಒಂದ ಗೇಣು. ಹೊಡೀಬ್ಯಾಡ, ಓಡಸು!"

ಗವಿ ತಲೆ ಎತ್ತಿದ. ಮರ್ದಾನಸಾಬನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಚೆಂಡು ಎತ್ತಿಕೊಂಡ. ಅವನ ಭುಜ ಸಡಿಲಾದದ್ದು ಅಲ್ಮಾಸಬಿಗೆ ಇಷ್ಟು ದೂರದಿಂದಲೂ ಕಂಡಿತು. ಹೊಲದಲ್ಲಿ ಅಟ್ಟದ ಮೇಲೆ ಹಾಗೇ ಇತ್ತು ಆ ಭುಜ.

ಸುಂಯ್ ಎಂದಿತು ಚೆಂಡು. ಮರ್ದಾನಸಾಬ "ಯಾ ಅಲ್ಲಾ!" ಎಂದು ಎರಡು ಹೆಜ್ಜೆ ಹಿಂದೆ ಹಾರಿದ. ಅವನ ಎದೆಯ ಮುಂದೆ ಒಂದು ಗೇಣು ಬಿಟ್ಟು, ಬೇಕಾದ ಜಾಗದ ನಟ್ಟನಡುವೆ ಅದು ಹಾಯ್ದಿತ್ತು.

"ಸ್ಟ್ರೈಕ್!"

ಎರಡನೆಯದಕ್ಕೂ ಅವನು ಹಾರಿದ, ಸ್ವಲ್ಪ ಕಡಿಮೆ. ಅದೂ ಸ್ಟ್ರೈಕ್. ಮೂರನೆಯದಕ್ಕೆ ಹಾರುವುದಿಲ್ಲ ಎಂದು ಹಲ್ಲು ಕಚ್ಚಿ ನಿಂತು ಬ್ಯಾಟು ಬೀಸಿದ. ಬ್ಯಾಟು ತಿರುಗಿ ಬರುವಷ್ಟರಲ್ಲಿ ಚೆಂಡು ರಫೀಕನ ಗ್ಲೌಸಿನಲ್ಲಿ ಬೆಚ್ಚಗೆ ಕುಂತಿತ್ತು.

ಲಕ್ಷ್ಮೇಶ್ವರ ಗೆದ್ದಿತು. ಗೆದ್ದವರಿಗೆ ಮಾತ್ರ ಏನು ಮಾಡಬೇಕೋ ತಿಳಿಯಲಿಲ್ಲ. ಸೋತ ಮೇಲೆ ಮಾಡುವ ಕೆಲಸವೆಲ್ಲ ಅವರಿಗೆ ಬಾಯಿಪಾಠವಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಮಾಸ್ತರು ಪುಸ್ತಕದ ಕೊನೆಯ ಪುಟ ತಿರುವಿ ಹಾಕಿದರು, ಅಲ್ಲೇನೂ ಬರೆದಿರಲಿಲ್ಲ. ಆಮೇಲೆ ತಿರಕಪ್ಪ ಜೋಳದ ಚೀಲ ಎತ್ತುವಂತೆ ಗವಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಮೈದಾನ ಸುತ್ತಿದ, ಉಳಿದವರು ಅವನ ಹಿಂದೆ ಓಡಿದರು. ಅಲ್ಮಾಸಬಿ ಓಡಲಿಲ್ಲ. ನಿಂತಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೂರು ವರ್ಷ ಕಾಯಿಸಿದ ದೇವರಿಗೆ ಶುಕ್ರ್ ಹೇಳಿದಳು. ಜಲ್ದಿ ಕೊಟ್ಟಿದ್ದರೆ ಇಷ್ಟು ಐತವಾರ ತಾನೆಲ್ಲಿ ಕುಂತಿರುತ್ತಿದ್ದಳು?

ಆಗ ಅವಳ ಕಣ್ಣು ಖಾಸಿಂಸಾಬನ ಮೇಲೆ ಬಿತ್ತು. ಅವನು ತನ್ನವರನ್ನು ಕೂಡಿಸುತ್ತಿದ್ದ. ಕಂಕುಳಲ್ಲಿ ಎರಡು ಹೊಸ ಗೋಣಿಚೀಲ, ಮಡಚಿ ಹಗ್ಗ ಸುತ್ತಿದ್ದವು. ಸಾಮಾನು ತುಂಬಿಕೊಂಡು ಹೋಗಲು ತಂದದ್ದು.

ಅಲ್ಮಾಸಬಿ ಹತ್ತಿರ ಹೋದಳು. "ಖಾಸಿಂಭಾಯಿ, ಊರಾಗ ನಿಮ್ಮ ಹುಡುಗರು ಏನ್ ಹಿಡಕೊಂಡು ಆಡ್ತಾರ?"

ಖಾಸಿಂಸಾಬನ ಮೀಸೆಯ ಎಣ್ಣೆ ಬಿಸಿಲಿಗೆ ಇಳಿದಿತ್ತು. "ಬೇವಿನ ಕಟಿಗಿ ಕೆತ್ತಿ ಬ್ಯಾಟ ಮಾಡೀವಿ ಅಕ್ಕಾ. ಗ್ಲೌಸು ಇಲ್ಲ. ಟಾವೆಲ್ ಸುತ್ಕೊಂಡು ಹಿಡೀತಾರ. ಮರ್ದಾನನ ಬೆರಳು ನೋಡ್ರಿ ಬೇಕಾದ್ರ." ಮರ್ದಾನಸಾಬ ತೋರಿಸಿದ. ಎರಡು ಬೆರಳು ಸೊಟ್ಟಗಾಗಿದ್ದವು.

ಅವಳು ಆ ಬೆರಳು ಹಿಡಿದು ನೋಡಿದಳು. ಟಾವೆಲ್ ಸುತ್ತಿಕೊಂಡು ಕಲಿತು ಬಂದು ಇವರು ನಮ್ಮನ್ನು ಏಳು ಸಲ ಸೋಲಿಸಿದ್ದರು.

"ಮಾಸ್ತರ," ಎಂದಳು, "ಸಾಮಾನು ಒಂದು ವಾರ ಇವರು ಒಯ್ಯಲಿ, ಒಂದು ವಾರ ನಾವು ಇಟ್ಕೊಳ್ಳೂಣು. ಒಮ್ಮೆ ಅವರು ಇಲ್ಲಿಗೆ ಬರಲಿ, ಒಮ್ಮೆ ನಾವು ಅಲ್ಲಿಗೆ ಹೋಗೂಣು."

"ಖಾಲಾ! ಇಪ್ಪತ್ತು ಆಟಕ್ಕ ಒಂದು ಗೆದ್ದೀವಿ, ಅದನ್ನೂ ಚೀಲದಾಗ ಹಾಕಿ ಕಳಸ್ತೀರಿ?" ಎಂದು ತಿರಕಪ್ಪ ಬಾಯಿ ಬಿಟ್ಟ.

"ಗೆದ್ದದ್ದು ಯಾರು ಒಯ್ತಾರಲೇ? ಅದು ನಮ್ಮದ. ಮೂರು ವರ್ಷ ಇವರು ಬಸ್ಸು ಹತ್ತಿ ಇಲ್ಲಿಗೆ ಬಂದಾರ. ಬರದಿದ್ರ ನಾವು ಯಾರ ಕೂಡ ಆಡತಿದ್ವಿ? ಯಾರ ಕೈಲೆ ಸೋಲತಿದ್ವಿ?"

ಮಾಸ್ತರು ಪುಸ್ತಕವನ್ನು ಅಂಗೈಗೆ ಬಡಿದರು. "ಸಂಘಕ್ಕ ನಾ ಕಾಗದ ಬರೀತೀನಿ," ಎಂದರು. "ಗೆದ್ದವರದ್ದು ಅಂದಾರ. ಗೆದ್ದವರು ಹೆಂಗ ಬೇಕೋ ಹಂಗ ಮಾಡ್ತಾರ."

ಖಾಸಿಂಸಾಬ ಗೋಣಿಚೀಲದ ಹಗ್ಗ ಬಿಚ್ಚಿದ. ಎರಡೂ ತಂಡದವರು ಸೇರಿ ಒಂದೊಂದೇ ಗ್ಲೌಸು ಒರೆಸಿ ಚೀಲಕ್ಕೆ ಹಾಕಿದರು. ಬಸ್ ಸ್ಟ್ಯಾಂಡಿನವರೆಗೆ ತಿರಕಪ್ಪನೇ ಗೊಣಗುತ್ತ ಹೊತ್ತ. "ಗೆದ್ದು, ಸಾಮಾನು ಹೊತ್ತು ಬಸ್ಸಿಗೆ ಹಾಕಿದ ತಂಡ ದುನಿಯಾದಾಗ ನಮ್ಮದೊಂದ."

"ಬರೋ ಐತವಾರ ನೀವು ಬರ್ರಿ ಅಕ್ಕಾ," ಎಂದ ಖಾಸಿಂಸಾಬ ಬಸ್ಸಿನ ಬಾಗಿಲಲ್ಲಿ ನಿಂತು. "ನಮ್ಮ ಮನ್ಯಾಗ ಊಟ. ಕೊರ್ಲಹಳ್ಳಿಗೆ ಹೊಳಿ ನೋಡಾಕೂ ಕರಕೊಂಡು ಹೋಗ್ತೀನಿ."

ಬಸ್ಸು ಧೂಳೆಬ್ಬಿಸಿ ಹೋಯಿತು. ಅಲ್ಮಾಸಬಿ ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು. ಗಾದಿ ಹೊಲಿಯಲು ಸುತ್ತಿನ ಹಳ್ಳಿಗಳಿಗೆಲ್ಲ ಹೋಗಿದ್ದಳು, ಮದುವೆಗೆ, ಮಣ್ಣಿಗೆ ಹೋಗಿದ್ದಳು. ಬರೀ ತನ್ನ ಖುಷಿಗೆಂದು ಒಂದು ಊರಿಗೆ ಹೋದದ್ದು ಅರವತ್ತೆರಡು ವರ್ಷದಲ್ಲಿ ನೆನಪಿರಲಿಲ್ಲ. ಟಿಕೀಟು ಕೊಡುವ ಕಿಟಕಿಯ ಹತ್ತಿರ ಹೋಗಿ, ಐತವಾರ ಮುಂಡರಗಿಗೆ ಮೊದಲನೇ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು.

"ಏಳೂವರಿಗೆ ಐತಿ. ಎಷ್ಟು ಮಂದಿ ಅಮ್ಮಾ?"

ಅಲ್ಮಾಸಬಿ ಹಿಂದೆ ತಿರುಗಿ ನೋಡಿದಳು. ಒಂಬತ್ತು ಮಂದಿಯೂ ಬರಿಗೈಯಲ್ಲಿ, ಮಾಸ್ತರು ಪುಸ್ತಕ ಹಿಡಿದು ನಿಂತು, ಗೆದ್ದದ್ದು ಈಗಷ್ಟೇ ತಿಳಿದವರಂತೆ ಹಲ್ಲು ಕಿರಿಯುತ್ತಿದ್ದರು.

"ಹನ್ನೊಂದು," ಎಂದಳು.